ಯೀಸ್ಟ್ ಗ್ಲೂಟನ್ ತಿನ್ನುವುದಿಲ್ಲ, ಮತ್ತೆ ಹೇಳುತ್ತಿದ್ದೇನೆ

ಪ್ರಶ್ನೆ: ಅಮೆರಿಕದಲ್ಲಿದ್ದೇನೆ, ಸೀಲಿಯಾಕ್ ಇದೆ (ಗೋಧಿ, ಬಾರ್ಲಿಯಲ್ಲಿರುವ ಗ್ಲೂಟನ್ ತಿಂದರೆ ಕರುಳಿಗೆ ಪೆಟ್ಟು ಬೀಳುವ ಕಾಯಿಲೆ). ಅಂಗಡಿಯಲ್ಲಿ ಹೊಸ ಹೊಸ ಬಿಯರ್, ಹೊಸ ಚಿತ್ರದ ಕ್ಯಾನ್. ಒಂದರ ಮೇಲೆ 'ಗ್ಲೂಟನ್ ಫ್ರೀ' ಅಂತಿದೆ, ಇನ್ನೊಂದರ ಮೇಲೆ 'ಗ್ಲೂಟನ್ ತೆಗೆಯಲು ಸಂಸ್ಕರಿಸಿದ್ದು' ಅಂತಿದೆ. ಎರಡೂ ಒಂದೇ ಅಲ್ವಾ? ಹೇಗೂ ಹುಳಿ ಬರುವಾಗ ಗ್ಲೂಟನ್ ಹೋಗಿಬಿಡುತ್ತಲ್ಲ?

ಒಂದೇ ಅಲ್ಲ. ಮೊದಲನೆಯದನ್ನು ತಗೊಳ್ಳಿ, ಎರಡನೆಯದನ್ನು ಅಲ್ಲೇ ಬಿಡಿ. ಉತ್ತರ ಮುಗಿಯಿತು. ಆದರೆ ನಿಮ್ಮ ಕೊನೆಯ ಸಾಲಿದೆಯಲ್ಲ, ಅದಕ್ಕೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ.

ಯೀಸ್ಟ್ ತಿನ್ನುವುದು ಸಕ್ಕರೆ. ಗ್ಲೂಟನ್ ಪ್ರೋಟೀನು. ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟು ಬೆಳಿಗ್ಗೆ ಉಕ್ಕಿ ನಿಂತಿರುತ್ತೆ. ಅದರಲ್ಲಿದ್ದ ಉದ್ದು ಎಲ್ಲಿಗಾದರೂ ಹೋಯಿತಾ? ಉದ್ದು ಆಗದವರು 'ಹುಳಿ ಬಂದಿದೆ, ಪರವಾಗಿಲ್ಲ' ಅಂತ ಎರಡು ದೋಸೆ ಹಾಕಿಸಿಕೊಳ್ತಾರಾ? ಬಾರ್ಲಿ ಬಿಯರೂ ಅಷ್ಟೇ. ಮೊಳಕೆ ಬರಿಸಿ, ಕುದಿಸಿ, ಸೋಸುವಾಗ ಬಾರ್ಲಿಯ ಗ್ಲೂಟನ್ ಒಂದಿಷ್ಟು ಕಡಿಮೆಯಾಗುತ್ತೆ. ಉಳಿದದ್ದು ತುಂಡುತುಂಡಾಗಿ ಬಿಯರಿನಲ್ಲೇ ಇರುತ್ತೆ.

'ತೆಗೆಯಲು ಸಂಸ್ಕರಿಸಿದ್ದು' ಅಂದರೆ ಬಾರ್ಲಿ ಬಿಯರಿಗೆ ಒಂದು ಕಿಣ್ವ ಹಾಕಿದ್ದಾರೆ ಅಂತ. ತಣ್ಣಗಿಟ್ಟಾಗ ಬಿಯರ್ ಮಬ್ಬಾಗದಿರಲಿ ಅಂತ ಬಂದ ಕಿಣ್ವ ಅದು. ಗ್ಲೂಟನ್ನನ್ನು ಇನ್ನೂ ಸಣ್ಣಗೆ ಕತ್ತರಿಸುತ್ತೆ, ಹೊರಗೆ ತೆಗೆಯುವುದಿಲ್ಲ. 'ಟೆಸ್ಟ್‌ನಲ್ಲಿ 20 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 20 ಭಾಗ) ಒಳಗಿದೆಯಲ್ಲ' ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಸಾಮಾನ್ಯ ಟೆಸ್ಟ್‌ಗೆ ಪ್ರೋಟೀನನ್ನು ಎರಡು ಕಡೆ ಹಿಡಿಯಬೇಕು. ತುಂಡಿನಲ್ಲಿ ಹಿಡಿಯಲು ಒಂದೇ ಕಡೆ ಇದ್ದರೆ ಅದು ಲೆಕ್ಕಕ್ಕೇ ಬರುವುದಿಲ್ಲ. ನಿಮ್ಮ ಕರುಳಿಗೆ ಮಾತ್ರ ಲೆಕ್ಕ ಸಿಗಬಹುದು! ಅದಕ್ಕೇ ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ನಿಯಮ ಮಾಡಿತು: ಹುದುಗಿಸಿದ ಪದಾರ್ಥಕ್ಕೆ 'ಗ್ಲೂಟನ್ ಫ್ರೀ' ಅಂತ ಬರೆಯಬೇಕಾದರೆ, ಹುದುಗಿಸುವ ಮೊದಲೇ ಅದು ಗ್ಲೂಟನ್ ಫ್ರೀ ಆಗಿರಬೇಕು. ಯುರೋಪಿಗೆ ಹೋದರೆ ಹುಷಾರು. ಅಲ್ಲಿ 20 ಪಿಪಿಎಂ ಒಳಗಿದ್ದರೆ ಬಾರ್ಲಿ ಬಿಯರಿಗೂ ಆ ಹೆಸರು ಹಾಕಬಹುದು.

ಬಾರ್ಲಿಯನ್ನು ಒಳಗೇ ಬಿಡದ ಬ್ರೂವರಿಗಳಿವೆ. ಸಿಯಾಟಲ್‌ನಲ್ಲಿ ಘೋಸ್ಟ್‌ಫಿಶ್, ಮಾಂಟ್ರಿಯಲ್‌ನಲ್ಲಿ ಗ್ಲೂಟನ್‌ಬರ್ಗ್. ಗ್ಲೂಟನ್‌ಬರ್ಗ್ 2012ರ ವರ್ಲ್ಡ್ ಬಿಯರ್ ಕಪ್‌ನಲ್ಲಿ ಗ್ಲೂಟನ್ ಫ್ರೀ ವಿಭಾಗದ ಮೂರೂ ಪದಕ ಹೊತ್ತುಕೊಂಡು ಹೋಯಿತು. ಇಲ್ಲೆಲ್ಲ ಸಿರಿಧಾನ್ಯದ್ದೇ ಕಾರುಬಾರು, ಜೊತೆಗೆ ಬಕ್‌ವೀಟ್. ಹೆಸರಲ್ಲಿ ವೀಟ್ ಇದ್ದರೂ ಅದು ಗೋಧಿಯ ನೆಂಟನಲ್ಲ, ಹೆದರಬೇಡಿ. ಸುಲಭದ ಕೆಲಸವೂ ಅಲ್ಲ. ಸಿರಿಧಾನ್ಯದ ಪಿಷ್ಟ ಬೇಯಲು ಬಾರ್ಲಿಗಿಂತ ಜಾಸ್ತಿ ಬಿಸಿ ಬೇಕು, ಅಷ್ಟು ಬಿಸಿಯಲ್ಲಿ ಪಿಷ್ಟವನ್ನು ಸಕ್ಕರೆ ಮಾಡುವ ಕಿಣ್ವಗಳೇ ಸುಸ್ತಾಗುತ್ತವೆ.

ಕ್ಯಾನಿನ ಹೊಸ ಚಿತ್ರ ನೋಡಿ ಮರುಳಾಗಬೇಡಿ, ತಿರುಗಿಸಿ ಹಿಂದೆ ಓದಿ. ಅಮೆರಿಕದಲ್ಲಿ ಬಾರ್ಲಿ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಇಲ್ಲದ ಬಿಯರ್ ಎಫ್‌ಡಿಎ ಲೇಬಲ್ ನಿಯಮಕ್ಕೆ ಬರುತ್ತೆ, ಹಾಗಾಗಿ ಏನೇನು ಹಾಕಿದ್ದಾರೆ ಅನ್ನುವ ಪಟ್ಟಿ ಇರುತ್ತೆ. ಅಲರ್ಜಿಯ ಸಾಲಿನಲ್ಲಿ ಗೋಧಿ ಇಲ್ಲ ಅಂತ ಸಮಾಧಾನ ಪಡಬೇಡಿ. ಆ ಸಾಲಿನಲ್ಲಿ ಬಾರ್ಲಿಯನ್ನು ಹೇಳಲೇಬೇಕು ಅಂತ ಕಾನೂನಿಲ್ಲ.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಬಿಯರ್ ಬಗ್ಗೆ ಇಷ್ಟು ವಿಚಾರಿಸುವವರು ಒಗ್ಗರಣೆಗೆ ಹಾಕುವ ಇಂಗಿನ ಬಗ್ಗೆ ಕೇಳಿದ್ದೇ ಇಲ್ಲ. ನಮ್ಮ ಅಂಗಡಿಗಳಲ್ಲಿ ಸಿಗುವ ಪುಡಿ ಇಂಗು ಅಪ್ಪಟ ಇಂಗಲ್ಲ. ತುಂಬಾ ಕಂಪನಿಗಳು ಅದಕ್ಕೆ ಗೋಧಿ ಹಿಟ್ಟೋ ಮೈದಾನೋ ಬೆರೆಸುತ್ತವೆ. ಅಕ್ಕಿ ಹಿಟ್ಟು ಬೆರೆಸಿದ್ದೂ ಸಿಗುತ್ತೆ. ಊರಿಂದ ಅಮ್ಮ ಕಳಿಸಿದ ಆ ಪುಟ್ಟ ಡಬ್ಬಿಯನ್ನೂ ಒಮ್ಮೆ ತಿರುಗಿಸಿ ನೋಡಿ.