ಕೂರಿಗೆ ಅಂತ ಬರೆದರೆ ಸಿಗುವುದು

ಹೊಸಬರ ಕಥೆಗಳನ್ನು ತಿದ್ದುವುದು ನನ್ನ ಕೆಲಸ. ವ್ಯಾಕರಣದ ತಪ್ಪಿಗಿಂತ ಜಾಸ್ತಿ ನಾನು ಗೆರೆ ಎಳೆಯುವುದು ಇಂಥ ವಾಕ್ಯಗಳಿಗೆ: 'ಶಾಂತವ್ವ ತೀವ್ರ ದುಃಖದಲ್ಲೇ ಬಿತ್ತನೆ ಕಾರ್ಯದಲ್ಲಿ ತೊಡಗಿದಳು.' ತಪ್ಪೇನೂ ಇಲ್ಲ. ಆದರೆ ಕಣ್ಣಿಗೆ ಏನೂ ಕಾಣುವುದಿಲ್ಲ.

ಕಥೆ ನಡೆಯುವುದು ವಿಜಯಪುರದ ಕಡೆಯ ಎರೆಹೊಲದಲ್ಲಿ ಅಂದುಕೊಳ್ಳಿ. ಹಿಂಗಾರಿ ಬಿಳಿಜೋಳ. ಸೆಪ್ಟೆಂಬರ್ ನಡುವಿನ ಉತ್ತರಿ ಮಳೆ ಬಂದು ಹೊಲ ಹದವಾಗಿದೆ. ಬಿತ್ತುವುದು ಕೂರಿಗೆಯಿಂದ. ಎತ್ತುಗಳು ಎಳೆಯುತ್ತವೆ, ಹಿಂದೆ ನಡೆಯುವ ಹೆಣ್ಣುಮಕ್ಕಳು ಮೇಲಿನ ಬಟ್ಟಲಿಗೆ ಕಾಳು ಬಿಡುತ್ತಾರೆ. ಕಾಳು ಕೊಳವೆಗಳಲ್ಲಿ ಇಳಿದು ಸಾಲುಗಳಿಗೆ ಬೀಳುತ್ತದೆ. ಮುಷ್ಟಿಯಿಂದ ಅದು ಒಂದೇ ಸಮನೆ ಜಾರಬೇಕು. ಒಂದು ಗಳಿಗೆ ಕೈ ನಿಂತರೂ ಎತ್ತು ನಿಲ್ಲುವುದಿಲ್ಲ. ಅಷ್ಟು ದೂರ ಸಾಲುಗಳು ಖಾಲಿ. ಮೊಳಕೆ ಎದ್ದಾಗ ಆ ಖಾಲಿ ಜಾಗ ದಾರಿಯಲ್ಲಿ ಹೋಗುವವರಿಗೂ ಕಾಣುತ್ತದೆ.

ಈಗ ಶಾಂತವ್ವನ ದುಃಖ ಹೇಳಲು 'ತೀವ್ರ' ಬೇಕಾ? ಗೋವಾಕ್ಕೆ ದುಡಿಯಲು ಹೋದ ಮಗನ ನೆನಪಾಗಿ ಅವಳ ಕೈ ನಿಂತಿತು. ಅಷ್ಟು ಸಾಕು. ಪೈರು ಎದ್ದ ಮೇಲೆ ಅತ್ತೆ ಹೊಲ ನೋಡಿ ಏನಂತಾಳೆ ಅನ್ನುವುದರಲ್ಲಿ ಮುಂದಿನ ಪುಟವೂ ಸಿಗುತ್ತದೆ. 'ಬಿತ್ತನೆ ಕಾರ್ಯ'ದಲ್ಲಿ ಇದು ಯಾವುದೂ ಇರಲಿಲ್ಲ. ಅದು ಇಲಾಖೆಯ ಪ್ರಕಟಣೆಗೆ ಸರಿ. ಕೆಲಸ ಮಾಡುವವರ ಬಾಯಲ್ಲಿರುವ ಪದ ಹಾಗಲ್ಲ, ಆ ಕೆಲಸ ನಡೆಯುವ ರೀತಿಯನ್ನೂ ಅದರಲ್ಲಿ ಆಗುವ ಎಡವಟ್ಟನ್ನೂ ಜೊತೆಗೇ ಕರೆತರುತ್ತದೆ. ಅದಕ್ಕೇ ನಾನು ಇಷ್ಟು ಹಟ ಹಿಡಿಯುವುದು.

ಮಂಗಳೂರಿನ ಓದುಗರಿಗೆ ಕೂರಿಗೆ ಗೊತ್ತಿರುತ್ತಾ ಅಂತ ಕೇಳುತ್ತಾರೆ. ಅಡಿಟಿಪ್ಪಣಿ ಬೇಡ. 'ಕೂರಿಗೆಯ ಬಟ್ಟಲಿಗೆ ಕಾಳು ಬಿಡುತ್ತ ಎತ್ತಿನ ಹಿಂದೆ ನಡೆದಳು' ಅಂದರೆ ಯಾರಿಗಾದರೂ ತಿಳಿಯುತ್ತದೆ. ಹಾಗಂತ ಕುಂಟೆ, ರಂಟೆ ಅಂತ ಗೊತ್ತಿದ್ದದ್ದನ್ನೆಲ್ಲ ಸುಮ್ನೆ ಒಂದೇ ಪುಟಕ್ಕೆ ತುಂಬಬೇಡಿ. ಬಿತ್ತುವ ದಿನ ಉಳುವ ರಂಟೆಗೇನು ಕೆಲಸ, ಅಲ್ವಾ?

ಮಾತುಕತೆ ಬರೆಯುವಾಗ ಇನ್ನೂ ಹುಷಾರಾಗಿರಬೇಕು. 'ಅಂವ ಗೋವಾಕ್ಕ ಹೋಗ್ಯಾನ' ಅಂದ ಶಾಂತವ್ವ ಮುಂದಿನ ಸಾಲಿನಲ್ಲಿ 'ಬಂದವ್ನೆ' ಅಂದರೆ ಓದುಗ ಹೊಲ ಬಿಟ್ಟು ಎದ್ದುಬಿಡುತ್ತಾನೆ. ಅದು ಮಂಡ್ಯ, ಮೈಸೂರು ಕಡೆಯ ಮಾತು. ಮಗ ಅವಳನ್ನು ಕರೆಯುವುದೂ 'ಯವ್ವಾ' ಅಂತ. ಆ ಆಡುಮಾತು ಪೂರ್ತಿ ನಾಲಿಗೆಗೆ ಹತ್ತದಿದ್ದರೆ, ಕ್ರಿಯಾಪದ ಮತ್ತು ಕರೆಯುವ ಹೆಸರು ಎರಡನ್ನಾದರೂ ಆ ಕಡೆಯವರಿಗೆ ಓದಿ ಹೇಳಿ ಸರಿಮಾಡಿಕೊಳ್ಳಿ.

ಇನ್ನು 'ಉಸುರಿದಳು', 'ಉದ್ಗರಿಸಿದಳು' ಬಿಟ್ಟುಬಿಡಿ. 'ಅಂದಳು' ಸಾಕು. ಅವಳು ದನಿ ತಗ್ಗಿಸಿದ್ದು ಕಥೆಗೆ ಮುಖ್ಯ ಅನ್ನಿಸಿದರೆ, ಪಡಸಾಲೆಯಲ್ಲಿ ಅತ್ತೆ ಮಲಗಿದ್ದಾಳೆ ಅಂತ ಎರಡು ಸಾಲು ಮೊದಲೇ ಬರೆದಿಡಿ.