ಪ್ರೆಸ್ಟನ್ ಸ್ಟರ್ಜಸ್: ನಗುವಿನ ಹಿಂದಿನ ಲೆಕ್ಕ

'ದಿ ಗ್ರೇಟ್ ಮೆಗಿಂಟಿ' ಚಿತ್ರಕಥೆಯನ್ನು ಪ್ಯಾರಮೌಂಟ್ ಸಂಸ್ಥೆಗೆ ಬರೀ 10 ಡಾಲರಿಗೆ ಕೊಟ್ಟು, ಬದಲಿಗೆ ನಿರ್ದೇಶಿಸುವ ಅವಕಾಶ ಪಡೆದವರು ಹಾಲಿವುಡ್ಡಿನ ಚಿತ್ರಕಥೆಗಾರ ಸ್ಟರ್ಜಸ್. 1940ರಲ್ಲಿ ತೆರೆಕಂಡ ಆ ಚಿತ್ರಕ್ಕೆ ಮೂಲ ಚಿತ್ರಕಥೆಯ ಆಸ್ಕರ್ ಬಂತು. ಆ ವಿಭಾಗದ ಮೊದಲ ಪ್ರಶಸ್ತಿ ಅದೇ. ಅವರ ಅತ್ಯುತ್ತಮ ಕೆಲಸವೆಲ್ಲ ಹೆಚ್ಚುಕಡಿಮೆ ಅಲ್ಲಿಂದ 1944ರೊಳಗೆ ಬಂದದ್ದು.

ಅವರ ಚಿತ್ರಗಳ ಬಗ್ಗೆ ಬರೆಯಲು ಹೊರಟವರು ಮೊದಲು ನೋಡಬೇಕಾದದ್ದು 'ಕ್ರಿಸ್‌ಮಸ್ ಇನ್ ಜುಲೈ' (1940). ಕೇವಲ 67 ನಿಮಿಷ. ಕಾಫಿ ಕಂಪನಿಯೊಂದರ ಘೋಷವಾಕ್ಯ ಸ್ಪರ್ಧೆಯಲ್ಲಿ 25,000 ಡಾಲರ್ ಗೆದ್ದಿದ್ದೀಯ ಎಂದು ಗುಮಾಸ್ತ ಜಿಮ್ಮಿಗೆ ಸಹೋದ್ಯೋಗಿಗಳು ಸುಳ್ಳು ತಂತಿ ಮಾಡಿಡುತ್ತಾರೆ. ಆ ಸುಳ್ಳು ಒಬ್ಬರಿಂದ ಒಬ್ಬರಿಗೆ ದಾಟುವುದನ್ನು ಬರೆದುಕೊಳ್ಳುತ್ತ ಹೋಗಿ. ಜಿಮ್ಮಿಯ ಯಜಮಾನ ಬಡ್ತಿ ಕೊಡುತ್ತಾನೆ. ಸ್ಪರ್ಧೆ ನಡೆಸಿದ ಕಂಪನಿಯ ಧಣಿ, ತೀರ್ಪುಗಾರರು ತನಗೆ ಹೇಳದೆ ಆರಿಸಿಬಿಟ್ಟರೆಂದುಕೊಂಡು ಚೆಕ್ಕನ್ನೇ ಬರೆದುಕೊಡುತ್ತಾನೆ. ಇಲ್ಲಿ ನಿಲ್ಲಿಸಿ ಯಜಮಾನನ ಮಾತನ್ನು ಇನ್ನೊಮ್ಮೆ ಕೇಳಬೇಕು: ಜಿಮ್ಮಿಯ ಯೋಚನೆಗಳು ಒಳ್ಳೆಯವೆಂದು ಅವನಿಗೆ ಖಾತ್ರಿಯಾಗುವುದು ಜಿಮ್ಮಿ ಗೆದ್ದಿದ್ದಾನೆ ಎಂಬುದರಿಂದ. ನಿನ್ನೆಯೂ ಅದೇ ಹುಡುಗ, ಅದೇ ತಲೆ. ಸ್ಟರ್ಜಸ್‌ರ ವಿಡಂಬನೆಯ ಬೇರು ಇದೇ: ಅವರ ಚಾಟಿ ಬೀಳುವುದು ಸುಳ್ಳುಗಾರನ ಮೇಲಲ್ಲ, ಗೆಲುವನ್ನೇ ಯೋಗ್ಯತೆಯ ಪುರಾವೆ ಎಂದು ನಂಬುವವರ ಮೇಲೆ.

ಜಿಮ್ಮಿಯ ಘೋಷವಾಕ್ಯ ನಮಗೆ ಎಡವುವ ಜಾಗ. ನಿದ್ದೆ ಬಾರದಿದ್ದರೆ ತಪ್ಪು ಕಾಫಿಯದಲ್ಲ, 'ಬಂಕ್'ನದು ಎನ್ನುತ್ತದೆ ಅದು. ಪೆಟ್ರೋಲ್ ಬಂಕ್, ಕ್ಲಾಸ್ ಬಂಕ್ ಎರಡನ್ನೂ ಮರೆತುಬಿಡಿ. ಇಲ್ಲಿ ಆ ಪದಕ್ಕೆ ಮಲಗುವ ಮಂಚ, ಪೊಳ್ಳು ಮಾತು ಎಂಬ ಎರಡರ್ಥ. ಜಿಮ್ಮಿ ಇದನ್ನು ಕಂಡಕಂಡವರಿಗೆಲ್ಲ ಬಿಡಿಸಿ ಹೇಳುವ ಪಾಡೂ ಹಾಸ್ಯದ ಭಾಗವೇ.

ಆಮೇಲೆ 'ಮೆಗಿಂಟಿ'. ಒಂದು ಮತಕ್ಕೆ 2 ಡಾಲರಿನಂತೆ 37 ಕಳ್ಳಮತ ಹಾಕಿದ ಅಲೆಮಾರಿ, ರಾಜ್ಯಪಾಲನ ಕುರ್ಚಿಯವರೆಗೂ ಏರುತ್ತಾನೆ. ಬೀಳುವುದು ಮಾತ್ರ ಪ್ರಾಮಾಣಿಕನಾಗಲು ಹೊರಟಾಗ. ಏರಿಕೆಗೆ ಎಷ್ಟು ದೃಶ್ಯ, ಬೀಳಲು ಎಷ್ಟು ಎಂದು ಎಣಿಸಿದರೆ ಕಥೆಯ ಕಟ್ಟು ತಾನಾಗಿ ಕಾಣುತ್ತದೆ.

ಗೆಲುವೇ ಯೋಗ್ಯತೆ ಎಂಬ ಲೆಕ್ಕ ಇಡೀ ಊರಿಗೆ ಹಬ್ಬುವುದು 'ಹೇಲ್ ದ ಕಾಂಕರಿಂಗ್ ಹೀರೋ' (1944) ಚಿತ್ರದಲ್ಲಿ. ಸೀನಿನ ಅಲರ್ಜಿಯಿಂದಾಗಿ ನೌಕಾಪಡೆಯ ಸೈನಿಕದಳದಿಂದ ವಾಪಸಾದ ವುಡ್ರೋನನ್ನು ಆರು ಮಂದಿ ಸೈನಿಕರು ಯುದ್ಧವೀರನೆಂದು ಊರಿಗೆ ಕರೆತರುತ್ತಾರೆ. ಸ್ಟೇಷನ್ನಿನಲ್ಲಿ ಬ್ಯಾಂಡು, ತಾಯಿಯ ಮನೆಯ ಅಡಮಾನ ಪತ್ರಕ್ಕೆ ಬೆಂಕಿ, ಕೊನೆಗೆ ಮೇಯರ್ ಹುದ್ದೆಗೆ ಹೆಸರು. ಯುದ್ಧ ಇನ್ನೂ ನಡೆಯುತ್ತಿದ್ದಾಗ, ವೀರಪೂಜೆಯನ್ನು ಹೀಗೆ ತೆರೆಗೆ ತಂದ ಧೈರ್ಯ ದೊಡ್ಡದು. ನನ್ನ ಮಟ್ಟಿಗೆ ಅವರ ಶ್ರೇಷ್ಠ ಚಿತ್ರ ಇದು. ಅದೇ ವರ್ಷದ 'ದಿ ಮಿರಾಕಲ್ ಆಫ್ ಮಾರ್ಗನ್ಸ್ ಕ್ರೀಕ್' ಜೊತೆಗೆ ಇದಕ್ಕೂ ಚಿತ್ರಕಥೆಯ ಆಸ್ಕರ್ ನಾಮನಿರ್ದೇಶನ ಸಿಕ್ಕಿತು.

'ದಿ ಲೇಡಿ ಈವ್' (1941) ನೋಡುವಾಗ ಹಡಗಿನ ಊಟದ ಕೋಣೆಯ ದೃಶ್ಯ ತಪ್ಪಿಸಬೇಡಿ. ನಾಯಕಿಯ ಪಾತ್ರದ ಬಾರ್ಬರಾ ಸ್ಟ್ಯಾನ್‌ವಿಕ್ ಪುಟ್ಟ ಕನ್ನಡಿಯಲ್ಲಿ ಹಿಂದಿನವರನ್ನು ನೋಡುತ್ತ, ಅವರ ಒಂದೊಂದು ಚಲನೆಗೂ ತಾನೇ ಮಾತು ಜೋಡಿಸುತ್ತಾಳೆ. ಚೌಕಟ್ಟಿನೊಳಗೆ ಇನ್ನೊಂದು ಚೌಕಟ್ಟು; ನಿರ್ದೇಶಕಿ ಅವಳೇ.

'ಸಲಿವನ್ಸ್ ಟ್ರಾವೆಲ್ಸ್' (1941) ಬಗ್ಗೆ ಬರೆಯುವಾಗ ಹಲವರು ಮುಗ್ಗರಿಸುತ್ತಾರೆ. ಜನರನ್ನು ನಗಿಸಿದರೆ ಸಾಕು ಎಂಬುದೇ ಇದರ ಸಂದೇಶ ಎಂದು ಮುಗಿಸಿಬಿಡುತ್ತಾರೆ. ಬಡತನವನ್ನು ಅರಿಯಲು ಅಲೆಮಾರಿಯ ವೇಷದಲ್ಲಿ ಹೊರಟ ಸಿನಿಮಾ ನಿರ್ದೇಶಕ ಸಲಿವನ್ ಮತ್ತು ಅವನ ಜೊತೆಗಾತಿ ಹುಡುಗಿ ನಿರ್ಗತಿಕರ ನಡುವೆ ಅಲೆಯುವ, ಮಾತೇ ಇಲ್ಲದ ಭಾಗವನ್ನು ಅವರು ಲೆಕ್ಕಕ್ಕೆ ಹಿಡಿದಿರುವುದಿಲ್ಲ. ಕೈದಿಗಳು ಚರ್ಚಿನಲ್ಲಿ ಕಾರ್ಟೂನ್ ನೋಡಿ ನಗುವ ದೃಶ್ಯಕ್ಕೆ ತೂಕ ಬಂದಿರುವುದೇ ಆ ಮೌನದಿಂದ. ಎರಡನ್ನೂ ಒಟ್ಟಿಗಿಟ್ಟು ಬರೆಯಿರಿ.

ಒಂದು ಪ್ರಾಯೋಗಿಕ ತೊಂದರೆಯಿದೆ. ಮಾತು ಬಿರುಸು, ಒಬ್ಬರ ಮೇಲೊಬ್ಬರು ಮಾತಾಡುತ್ತಾರೆ. ಸಬ್‌ಟೈಟಲ್ ಓದುತ್ತ ಕೂತರೆ ಹಿನ್ನೆಲೆಯಲ್ಲಿ ಎಡವಿ ಬೀಳುವವರು, ಮುಖ ಸಿಂಡರಿಸುವವರು ತಪ್ಪಿಹೋಗುತ್ತಾರೆ. ಮೊದಲ ಸಲ ಸಬ್‌ಟೈಟಲ್ ಇರಲಿ. ಎರಡನೆಯ ಸಲ ಅದನ್ನು ತೆಗೆದು, ಚಿತ್ರದಿಂದ ಚಿತ್ರಕ್ಕೆ ಮರಳುವ ಪೋಷಕ ನಟರ ಮೇಲೆ, ಮುಖ್ಯವಾಗಿ ವಿಲಿಯಂ ಡೆಮರೆಸ್ಟ್ ಮೇಲೆ ಕಣ್ಣಿಡಿ. 'ಕ್ರಿಸ್‌ಮಸ್ ಇನ್ ಜುಲೈ'ನಲ್ಲಿ ಒಪ್ಪದೆ ಹಟ ಹಿಡಿದು ಇಡೀ ತೀರ್ಪನ್ನೇ ತಡೆದಿಟ್ಟ ತೀರ್ಪುಗಾರ ಅವರೇ.