ಸ್ಪೀಕರ್ ಪಳಗುತ್ತಾ, ಕಿವಿ ಪಳಗುತ್ತಾ?

ಪ್ರಶ್ನೆ: "ಸರ್, ಎರಡು ತಿಂಗಳ ಹಿಂದೆ ಹೊಸ ಸ್ಪೀಕರ್ ಜೋಡಿ ತಂದೆ. ಮೊದಲ ವಾರ ಆವಾಜ್ ಕಿವಿಗೆ ಚುಚ್ಚುತ್ತಿತ್ತು. ಈಗ ಭಾರಿ ಚಲೋ ಆಗಿದೆ. ನೂರು ಗಂಟೆ ಓಡಿದ ಮೇಲೆ ಪಳಗುತ್ತೆ ಅಂತ ಅಂಗಡಿಯವರು ಹೇಳಿದ್ದರು. ನಿಜಾನಾ? ಇಲ್ಲಾ ನನ್ನ ಕಿವಿಗೇ ರೂಢಿ ಆಯ್ತಾ?"
- ಆಳಂದ ರಸ್ತೆಯ ಓದುಗರೊಬ್ಬರು, ಕಲಬುರಗಿ

ಕಿವಿಗೇ ರೂಢಿ ಆಯ್ತು.

ಇಷ್ಟು ಬರೆದು ಮುಗಿಸಬಹುದಿತ್ತು. ಮುಗಿಸಿದರೆ ಮುಂದಿನ ತಿಂಗಳು ಇದೇ ಪ್ರಶ್ನೆ ಸೇಡಂನಿಂದ ಬರುತ್ತೆ, ಅದರ ಮುಂದಿನ ತಿಂಗಳು ಹುಮನಾಬಾದ್‌ನಿಂದ. ಸೂಪರ್ ಮಾರ್ಕೆಟ್ ಕಡೆ ಇರುವ ನನ್ನ ರಿಪೇರಿ ಅಂಗಡಿಗೆ ಬಂದವರೂ ಚಹಾ ಕುಡಿಯುತ್ತಾ ಇದನ್ನೇ ಕೇಳುತ್ತಾರೆ. ಈ ಸಲ ಪೂರ್ತಿ ಬರೆದುಬಿಡುತ್ತೇನೆ. ದಯವಿಟ್ಟು ತೆಗೆದಿಟ್ಟುಕೊಳ್ಳಿ.

ಈ ಮಾತಿನಲ್ಲಿ ಒಂದು ಚಿಟಿಕೆ ನಿಜ ಇದೆ. ಅದನ್ನು ಮೊದಲು ಕೊಟ್ಟುಬಿಡೋಣ. ಸ್ಪೀಕರ್ ಬಿಚ್ಚಿದರೆ ಆವಾಜ್ ಹೊರಡಿಸುವ ಕೋನಿನ ಹಿಂದೆ, ಅದನ್ನು ಆಡಿಸುವ ತಂತಿ ಸುರುಳಿಯ (ಕಾಯಿಲ್) ಸುತ್ತ, ನೆರಿಗೆ ನೆರಿಗೆಯಾದ ಒಂದು ಬಟ್ಟೆ ಬಿಲ್ಲೆ ಕಾಣುತ್ತೆ. ಅದನ್ನು ಸ್ಪೈಡರ್ ಅನ್ನುತ್ತೇವೆ. ಬಟ್ಟೆಗೆ ರಾಳ ಕುಡಿಸಿ, ಬಿಸಿ ಅಚ್ಚಿನಲ್ಲಿ ಒತ್ತಿ ಮಾಡಿದ್ದು. ಗಂಜಿ ಹಾಕಿದ ಹೊಸ ಅಂಗಿಯ ಹಾಗೆ ಮೊದಲು ಸ್ವಲ್ಪ ಬಿಗಿಯಾಗಿರುತ್ತೆ. ಕೋನ್ ಹಿಂದೆ ಮುಂದೆ ಆಡಿದಂತೆ ಆ ಬಿಗಿ ಸಡಿಲವಾಗುತ್ತೆ. ಮೀಟರ್ ಇಟ್ಟು ಅಳೆದರೆ ಗೊತ್ತಾಗುತ್ತೆ. ವೂಫರ್, ಅಂದರೆ ಬೇಸ್ ನುಡಿಸುವ ದೊಡ್ಡ ಕೋನು, ಅದರ ಸ್ವಂತ ಕಂಪನ 60 ಹರ್ಟ್ಜ್ (ಸೆಕೆಂಡಿಗೆ 60 ಸಲ) ಇದ್ದರೆ, ಆಡಿದ ಮೇಲೆ ಕೆಲವು ಹರ್ಟ್ಜ್ ಕೆಳಗೆ ಇಳಿದಿರುತ್ತೆ.

ಆಯ್ತಲ್ಲ, ಪಳಗಿತಲ್ಲ ಅನ್ನಬೇಡಿ. ಈ ಸಡಿಲಿಕೆಯ ಬಹುಪಾಲು ಆಗುವುದು ಕೋನ್ ಚೆನ್ನಾಗಿ ಆಡಿದ ಮೊದಲ ಕೆಲವು ನಿಮಿಷಗಳಲ್ಲಿ. ನೂರು ಗಂಟೆಯಲ್ಲಿ ಅಲ್ಲ. ನೀವು ಮನೆಗೆ ತಂದು, ವೈರ್ ಸಿಕ್ಕಿಸಿ, ಎರಡು ಹಾಡು ಕೇಳಿ ಊಟಕ್ಕೆ ಏಳುವ ಹೊತ್ತಿಗೆ ಅದರ ಕಥೆ ಹೆಚ್ಚೂಕಡಿಮೆ ಮುಗಿದಿರುತ್ತೆ. ಅದೂ ಅಲ್ಲದೆ ಮುಚ್ಚಿದ ಪೆಟ್ಟಿಗೆಯಲ್ಲಿ ಕೋನನ್ನು ಹಿಡಿದು ನಿಲ್ಲಿಸುವ ದೊಡ್ಡ ಸ್ಪ್ರಿಂಗ್ ಒಳಗಿನ ಗಾಳಿ. ಸ್ಪೈಡರ್ ಸ್ವಲ್ಪ ಮೆತ್ತಗಾದರೂ ಗಾಳಿ ಮೆತ್ತಗಾಗಲ್ಲ. ಮೀಟರಿನಲ್ಲಿ ಕಂಡ ವ್ಯತ್ಯಾಸದ ಬಹುಪಾಲನ್ನು ಪೆಟ್ಟಿಗೆಯೇ ನುಂಗಿಬಿಡುತ್ತೆ.

ಇನ್ನೊಂದು ಮಾತು. ಸ್ಪೈಡರ್ ಬಿಗಿಯಾಗಿದ್ದರೆ ಅದರ ಪರಿಣಾಮ ಕಾಣುವುದು ಬೇಸಿನ ಕೆಳ ತುದಿಯಲ್ಲಿ. ನೀವು ಬರೆದಿದ್ದು ಏನು? ಚುಚ್ಚುತ್ತಿತ್ತು ಅಂತ. ಚುಚ್ಚುವುದು ಮೇಲಿನ ಸ್ವರ, ಟ್ವೀಟರಿನ ಕೆಲಸ. ವೂಫರಿನ ಸ್ಪೈಡರ್ ಸಡಿಲವಾಗಿ ಟ್ವೀಟರಿನ ಚುಚ್ಚು ಹೋಯಿತು ಅಂದರೆ, ಮಂಡಿಗೆ ಎಣ್ಣೆ ತಿಕ್ಕಿದ್ದಕ್ಕೆ ಹಲ್ಲುನೋವು ಹೋಯಿತು ಅಂದ ಹಾಗೆ.

"ರೊಟ್ಟಿ ಹಂಚು ಹಳೇದಾದಷ್ಟು ಚಲೋ ಅಲ್ವೇನ್ರಿ, ಇದೂ ಹಂಗೇ" ಅಂತ ಒಬ್ಬರು ವಾದ ಮಾಡಿದ್ದರು. ಹಂಚಿಗೆ ದಿನಾ ಬೆಂಕಿ ಬೀಳುತ್ತೆ, ಎಣ್ಣೆ ಜಿಡ್ಡು ಕೂರುತ್ತೆ, ಅದರ ಮೈಯೇ ಬದಲಾಗುತ್ತೆ. ಹಂಚಿಗೆ ರೊಟ್ಟಿ ಏಳಿಸುವುದೇ ಕೆಲಸ. ಸ್ಪೀಕರಿನ ಕೆಲಸ ಬೇರೆ: ಒಳಗೆ ಏನು ಬಂತೋ ಅದನ್ನೇ ಹೊರಗೆ ಕೊಡೋದು, ತನ್ನದೇನೂ ಸೇರಿಸದೆ. ವೀಣೆ, ತಬಲಾ ಉದಾಹರಣೆ ಕೊಡುವವರಿಗೂ ಇದೇ ಉತ್ತರ. ಅವು ನಾದ ಹುಟ್ಟಿಸುತ್ತವೆ. ಸ್ಪೀಕರ್ ಬರೀ ದಾಟಿಸುತ್ತೆ.

ಈಗ ಆ ನೂರು ಗಂಟೆಯ ಲೆಕ್ಕ ಹಾಕಿ. ದಿನಕ್ಕೆ ಎರಡು ಗಂಟೆ ಕೇಳಿದರೆ 50 ದಿನ. ಅಷ್ಟರಲ್ಲಿ ಸಾಮಾನು ವಾಪಸ್ ಕೊಡುವ ಗಡುವು ಎಲ್ಲಿ ಉಳಿದಿರುತ್ತೆ? ಅಂಗಡಿಯವರೆಲ್ಲ ಮೋಸಗಾರರು ಅನ್ನಲ್ಲ, ನಾನೂ ಅಂಗಡಿಯವನೇ. ಎಷ್ಟೋ ಜನ ನಂಬಿಯೇ ಹೇಳುತ್ತಾರೆ. ಆದರೆ ಮಾತು ಯಾರಿಗೆ ಅನುಕೂಲ ಅಂತ ನೋಡಬೇಕಲ್ಲ.

ಒಂದು ಸಂಗತಿ ನನಗೆ ಯಾವತ್ತೂ ಬಗೆಹರಿಯಲ್ಲ. ಬಟ್ಟೆ, ರಬ್ಬರ್, ಕಾಗದ ತಮ್ಮಷ್ಟಕ್ಕೆ ಬದಲಾಗುತ್ತವೆ. ಅವಕ್ಕೆ ನಿಮ್ಮ ರುಚಿ ಏನು ಗೊತ್ತು? ಕೆಲವು ಸ್ಪೀಕರ್ ಚಲೋ ಆಗಬೇಕು, ಕೆಲವು ಕೆಡಬೇಕು ಅಲ್ವಾ? "ಹೊಸದರಲ್ಲಿ ಬಹಳ ಚಲೋ ಇತ್ತು ಸರ್, ನೂರು ಗಂಟೆ ಆದ ಮೇಲೆ ಪಳಗಿ ಹಾಳಾಯ್ತು" ಅಂತ ಒಬ್ಬರೂ ನನ್ನ ಹತ್ತಿರ ಬಂದಿಲ್ಲ. ಎಲ್ಲರದ್ದೂ ಬರೀ ಚಲೋ ಆಗುತ್ತೆ. ಬದಲಾಗಿದ್ದು ಪೆಟ್ಟಿಗೆಯೋ ಕೂತವನೋ, ಇದರಲ್ಲೇ ತಿಳಿಯುತ್ತೆ.

ಹೋದ ವರ್ಷ ಒಬ್ಬ ಗಿರಾಕಿ ಸಿಕ್ಕಿದ್ದರು. ಕಿರಾಣಿ ಅಂಗಡಿ ಇಟ್ಟುಕೊಂಡವರು. ಜೋಡಿ ಸ್ಪೀಕರ್ ತಂದು, ಜಾಗ ಇಲ್ಲದ್ದಕ್ಕೆ ಒಂದನ್ನೇ ಗಲ್ಲಾ ಮೇಲಿನ ಮಾಡದಲ್ಲಿ ಇಟ್ಟು ನಾಲ್ಕು ತಿಂಗಳು ಬಾರಿಸಿದ್ದರು. ಇನ್ನೊಂದು ಡಬ್ಬಿಯಲ್ಲೇ ಇತ್ತು, ಸೀಲ್ ಸಹ ಒಡೆದಿರಲಿಲ್ಲ. ಇಂಥ ಜೋಡಿ ಕೇಳಿದರೂ ಸಿಗಲ್ಲ! ಎರಡನ್ನೂ ಒಂದಕ್ಕೊಂದು ಅಂಟಿಸಿ ಇಟ್ಟೆ. ಒಂದೇ ಆಂಪ್ಲಿಫೈಯರ್, ಒಂದೇ ಹಾಡು, ನಡುವೆ ಒಂದು ಸ್ವಿಚ್. ಮೊದಲು ಕಣ್ಣೆದುರೇ ಕೇಳಿಸಿದೆ. "ನೋಡ್ರಿ, ಇದು ಎಷ್ಟು ಮೆತ್ತಗ ಕೇಳಲತ್ತದ" ಅಂತ ಬಾರಿಸಿದ ಸ್ಪೀಕರಿನ ಕಡೆ ಬೆರಳು ತೋರಿಸಿದರು. ಆಮೇಲೆ ಮುಂದೆ ಒಂದು ಹಳೇ ಸೀರೆ ಇಳಿಬಿಟ್ಟು, ನಾಣ್ಯ ಚಿಮ್ಮಿ, ಸಿಂಹ ಬಿದ್ದರೆ ಹಳೇದು, ಸಂಖ್ಯೆ ಬಿದ್ದರೆ ಹೊಸದು ಅಂತ ಹತ್ತು ಸಲ ಕೇಳಿಸಿದೆ. ನಾಲ್ಕು ಸರಿ, ಆರು ತಪ್ಪು. ಅವರು ಸೀರೆ ಸರಿಸಿ ಸ್ವಿಚ್ಚಿನ ವೈರ್ ಎಲ್ಲೆಲ್ಲಿಗೆ ಹೋಗಿದೆ ಅಂತ ತಡಕಿ ನೋಡಿದರು, ಪಾಪ.

ಇದು ನನ್ನ ಸ್ವಂತ ಜಾಣತನ ಅಲ್ಲ. 1994ರಲ್ಲಿ ಫ್ಲಾಯ್ಡ್ ಟೂಲ್ ಮತ್ತು ಷಾನ್ ಆಲಿವ್ ಅನ್ನುವ ಧ್ವನಿ ಸಂಶೋಧಕರು ಇಂಥ ಪರದೆ ಪರೀಕ್ಷೆಯನ್ನೇ ಶಿಸ್ತಾಗಿ ಮಾಡಿ ಬರೆದರು. ಅದೇ ಸ್ಪೀಕರುಗಳು, ಅದೇ ಕೇಳುಗರು. ಪರದೆ ಹಾಕಿ ಕೇಳಿಸಿದಾಗ ಒಂದು ಅಂಕ, ಪರದೆ ತೆಗೆದಾಗ ಇನ್ನೊಂದು. ಚಿಕ್ಕದು, ಅಗ್ಗದ್ದು ಕಣ್ಣಿಗೆ ಬಿದ್ದ ಕೂಡಲೇ ಅದರ ಅಂಕ ಇಳಿಯಿತು. ವೈರ್ ಕೂಡ ಪಳಗುತ್ತೆ ಅಂತ ಬರೆಯುವವರಿಗೆ ನಾನು ಉತ್ತರವನ್ನೇ ಕೊಡಲ್ಲ, ಸೀರೆ ಕೊಡುತ್ತೇನೆ.

ಹಾಗಾದರೆ ನಿಮ್ಮ ಮನೆಯಲ್ಲಿ ಆಗಿದ್ದೇನು? ಸ್ಟೇಷನ್ ಕಡೆ ರೈಲು ಹಳಿ ಪಕ್ಕ ಬಾಡಿಗೆಗೆ ಹೋದವರನ್ನು ಕೇಳಿ. ಮೊದಲ ವಾರ ನಿದ್ದೆ ಇಲ್ಲ. ತಿಂಗಳಾದ ಮೇಲೆ ನಡುರಾತ್ರಿ ಗೂಡ್ಸ್ ಗಾಡಿ ಹೋದರೂ ಮಗ್ಗುಲು ಬದಲಾಯಿಸಲ್ಲ. ರೈಲು ಪಳಗಿತು ಅಂತ ಯಾರಾದರೂ ಹೇಳುತ್ತಾರಾ? ನಿಮ್ಮ ಹಳೇ ಸೆಟ್ಟು ಬರೀ ದಪ್ಪ ಬೇಸ್ ಹೊಡೆಯುತ್ತಿದ್ದಿರಬೇಕು. ಮಿದುಳು ಅದನ್ನೇ ಸರಿ ಅಂತ ಲೆಕ್ಕ ಇಟ್ಟುಕೊಂಡಿತ್ತು. ಹೊಸದು ಬಂದಾಗ ಮೇಲಿನ ಸ್ವರ ಜಾಸ್ತಿ ಅನಿಸಿತು. ದಿನಾ ಕೇಳಿ ಕೇಳಿ ಲೆಕ್ಕ ಬದಲಾಯಿತು. ಇನ್ನು ಮೊದಲ ದಿನದ ಆವಾಜ್ ನಿಮಗೆ ನೆನಪಿದೆ ಅಂದರೆ ನಾನು ನಂಬಲ್ಲ. ಸ್ವರದ ಸೂಕ್ಷ್ಮ ಕಿವಿಯಲ್ಲಿ ನಿಲ್ಲುವುದು ಕೆಲವು ಸೆಕೆಂಡು. ಆಮೇಲೆ ಉಳಿಯುವುದು "ಚುಚ್ಚುತ್ತಿತ್ತು" ಅನ್ನುವ ಮಾತು ಮಾತ್ರ. ಜೊತೆಗೆ ವಾಲ್ಯೂಮ್. ಒಂದು ಡೆಸಿಬೆಲ್ ಹೆಚ್ಚಾದರೆ ಜೋರಾಯಿತು ಅನಿಸಲ್ಲ, ಚಲೋ ಆಯಿತು ಅನಿಸುತ್ತೆ.

ಸ್ಪೀಕರಿಗೆ ನಿಜವಾಗಿ ವಯಸ್ಸಾದರೆ ಏನಾಗುತ್ತೆ ಅಂತ ನೋಡಬೇಕಾದರೆ ನನ್ನ ಬೆಂಚಿಗೆ ಬನ್ನಿ. ಹತ್ತು ಹದಿನೈದು ವರ್ಷದ ವೂಫರ್, ಅಂಚಿಗೆ ಫೋಮ್ ಇರುವಂಥದ್ದು. ಬೆರಳಿಂದ ಮುಟ್ಟಿದರೆ ಸಾಕು, ನೆನೆದ ಹುರಿಗಡಲೆ ಹಿಟ್ಟಿನ ಹಾಗೆ ಉದುರಿ, ಕಪ್ಪಗೆ ಅಂಟಿಕೊಳ್ಳುತ್ತೆ. ಸೋಪು ಹಾಕಿದರೂ ಬೇಗ ಹೋಗಲ್ಲ. ತೇವ, ಬಿಸಿ, ಬಿಸಿಲು ಮೂರೂ ಸೇರಿ ಅದನ್ನು ತಿಂದಿರುತ್ತವೆ. ರಬ್ಬರ್ ಅಂಚು ಜಾಸ್ತಿ ಬಾಳುತ್ತೆ. ಒಳಗಿನ ಕಂಡೆನ್ಸರ್ (ವಿದ್ಯುತ್ ಹಿಡಿದಿಡುವ ಬಿಡಿಭಾಗ) ಬೇರೆ ಒಣಗುತ್ತೆ. ಹತ್ತು ಡಿಗ್ರಿ ಬಿಸಿ ಏರಿದರೆ ಅದರ ಆಯಸ್ಸು ಅರ್ಧ ಅನ್ನುವುದು ನಮ್ಮ ಕಸುಬಿನ ಒರಟು ಲೆಕ್ಕ. ಮೇ ತಿಂಗಳಲ್ಲಿ 42 ಡಿಗ್ರಿ ಕಾಣುವ ಊರು ನಮ್ಮದು. ಹಳೇದಾಗಿ ಚಲೋ ಆಗುತ್ತಂತೆ!

ನೀವು ಕೇಳದೇ ಇದ್ದರೂ ಒಂದು ಹೇಳುತ್ತೇನೆ, ಯಾಕಂದರೆ ಚುಚ್ಚುವಿಕೆಯ ಅರ್ಧ ತಪ್ಪು ಕೋಣೆಯದ್ದು. ನಮ್ಮ ಕಡೆ ಮನೆಗಳಲ್ಲಿ ಕೆಳಗೆ ಶಹಾಬಾದ್ ಕಲ್ಲು, ಮೇಲೆ ಸ್ಲ್ಯಾಬು, ನಾಲ್ಕೂ ಕಡೆ ಬೋಳು ಗೋಡೆ. ಒಂದು ಚಪ್ಪಾಳೆ ತಟ್ಟಿ ನೋಡಿ, ಝಣ್ ಅಂತ ಬಾಲ ಬರುತ್ತೆ. ಮೇಲಿನ ಸ್ವರ ಕಲ್ಲಿಗೆ ಬಡಿದು ಬಡಿದು ವಾಪಸ್ ಬರುತ್ತಿರುತ್ತೆ. ಹೊಸ ಮನೆ, ಹೊಸ ಸ್ಪೀಕರ್, ಇನ್ನೂ ಸಾಮಾನು ಜೋಡಿಸಿಲ್ಲ ಅಂದರೆ ಮುಗಿಯಿತು. ಆಮೇಲೆ ಆ ಜೋಡಿಯನ್ನು ಮನೆಗೆ ಒಯ್ದ ಕಿರಾಣಿಯವರಿಗೆ ನಾನು ಹೇಳಿದ್ದು ಇಷ್ಟೇ: ನೆಲಕ್ಕೆ ದಪ್ಪ ಜಮಖಾನ ಹಾಸಿ, ಎದುರು ಗೋಡೆಗೆ ಅವ್ವನ ಕೌದಿ ಎರಡು ತೂಗುಹಾಕಿ. ವಾರ ಬಿಟ್ಟು ಫೋನ್ ಮಾಡಿದರು. "ಸರ್, ನೀವು ಏನೇ ಅನ್ರಿ, ಮನ್ಯಾಗಿನ ಸ್ಪೀಕರ್ ಪಳಗ್ಯದ ನೋಡ್ರಿ."

ನಾನು ಫೋನ್ ಇಟ್ಟುಬಿಟ್ಟೆ.

ಸ್ಪೀಕರಿಗಿಂತ ನಿಮ್ಮ ಕಿವಿಯ ವಯಸ್ಸಿನ ಬಗ್ಗೆ ನನಗೆ ಜಾಸ್ತಿ ಚಿಂತೆ. ಒಂದೊಂದು ಒಳಗಿವಿಯಲ್ಲಿ ಸುಮಾರು 15,000 ಕೂದಲಿನಂಥ ಜೀವಕೋಶ ಇರುತ್ತವೆ. ಹೋದರೆ ಮತ್ತೆ ಹುಟ್ಟಲ್ಲ. ಮೊದಲು ಹೋಗುವುದು ಮೇಲಿನ ಸ್ವರ ಹಿಡಿಯುವಂಥವು. 85 ಡೆಸಿಬೆಲ್ ಸದ್ದಿನಲ್ಲಿ ಎಂಟು ಗಂಟೆ ಇರಬಹುದು ಅಂತ ಲೆಕ್ಕ. ಮೂರು ಡೆಸಿಬೆಲ್ ಏರಿದಂತೆಲ್ಲ ಹೊತ್ತು ಅರ್ಧ. 100ಕ್ಕೆ ಬಂದರೆ ಕಾಲು ಗಂಟೆ. ಮೆರವಣಿಗೆಯಲ್ಲಿ ಡಿಜೆ ಪೆಟ್ಟಿಗೆ ಮುಂದೆ ಕುಣಿಯುವವರು ಎಷ್ಟು ಹೊತ್ತು ಕುಣಿಯುತ್ತಾರೆ, ನೀವೇ ಹೇಳಿ.

ಮನೆಯಲ್ಲಿ ಅಪ್ಪ ಟಿವಿ ಜೋರು ಮಾಡುತ್ತಾರೆ, ಆದರೂ "ಏನಂದ ಅವ?" ಅಂತ ಕೇಳುತ್ತಾರೆ ಅಲ್ವಾ? ಹೊಸ ಸ್ಪೀಕರ್ ಕೊಡಿಸೋಣ ಅಂತ ಮಕ್ಕಳು ನನ್ನ ಹತ್ತಿರ ಬರುತ್ತಾರೆ. ಆ, ಈ, ಊ ಎಲ್ಲ ಕೆಳಗಿನ ಸ್ವರ, ಕೇಳುತ್ತವೆ. ಸ, ಶ, ಚ ಇವುಗಳ ಸೀಟಿಯಂಥ ಭಾಗ ಮೇಲೆ ಇರುತ್ತೆ, ಅದು ತಪ್ಪಿಹೋಗುತ್ತೆ. ಆವಾಜ್ ಬರುತ್ತೆ, ಮಾತು ಬರಲ್ಲ. ಬೇಸ್ ಇಳಿಸಿ, ಸ್ಪೀಕರನ್ನು ಅವರ ಕುರ್ಚಿ ಹತ್ತಿರ ತನ್ನಿ. ಅಷ್ಟಕ್ಕೂ ಆಗದಿದ್ದರೆ ನನ್ನ ಅಂಗಡಿ ಅಲ್ಲ, ಕಿವಿ ಡಾಕ್ಟರ್.

ನನ್ನದೂ ಹೇಳಿಬಿಡುತ್ತೇನೆ. ನನಗೀಗ 56. ಟ್ವೀಟರ್ ಪರೀಕ್ಷೆಗೆ 14,000 ಹರ್ಟ್ಜ್ ಸ್ವರ ಹಚ್ಚಿದರೆ ನನ್ನ ಮಟ್ಟಿಗೆ ಅಂಗಡಿ ನಿಶ್ಶಬ್ದ. ಹತ್ತೊಂಬತ್ತರ ಹುಡುಗ ಒಬ್ಬನನ್ನು ಕೆಲಸಕ್ಕೆ ಇಟ್ಟುಕೊಂಡಿದ್ದೇನೆ. ಅವನು ಒಳಗಿಂದಲೇ ಕಿವಿ ಮುಚ್ಚಿಕೊಂಡು ಕೂಗುತ್ತಾನೆ: "ಬರಲತ್ತದ ಕಾಕಾ, ಬಂದ್ ಮಾಡ್ರಿ!"